ಒಂದು ಕೈ ನೋಡಿಯೇ ಬಿಡೋಣ

ನಮ್ಮ ಗುಂಪಿನಲ್ಲಿ ಅವನ ಹೆಸರು ಪುಣೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಆಧಾರ್ ಕಾರ್ಡಿನ ಉಪಯೋಗಕ್ಕೆ. ಮೂವತ್ತೈದು ವರ್ಷಗಳ ಹಿಂದೆ ಬ್ಯಾಂಕಿನ ಕೆಲಸ ಹಿಡಿದು ಪುಣೆಗೆ ಹೋದವನು ಅಲ್ಲಿಯೇ ಮನೆ ಕಟ್ಟಿದ. ಅಲ್ಲಿನವರು ಅವನನ್ನು ‘ಮೈಸೂರು’ ಎಂದು ಕರೆಯುತ್ತಾರಂತೆ. ಎರಡು ಊರುಗಳೂ ಸೇರಿ ಒಬ್ಬ ಬಡಪಾಯಿಯನ್ನು ‘ನಮ್ಮವನಲ್ಲ, ನಿಮ್ಮವನು’ ಎಂದು ಆ ಕಡೆಗೆ ಈ ಕಡೆಗೆ ದಾಟಿಸುತ್ತಿವೆ.

ಆ ಪುಣೆ ಕಳೆದ ವಾರ ಫೋನ್ ಮಾಡಿ, “ಮೈಸೂರಿಗೆ ಬರುತ್ತಿದ್ದೇನೆ, ಈಜುವುದಕ್ಕೆ” ಎಂದ. ತಿಥಿಗೆ, ಮದುವೆಗೆ, ಪಹಣಿ ತಿದ್ದುಪಡಿಗೆ ಊರಿಗೆ ಬರುವವರನ್ನು ಕಂಡಿದ್ದೇನೆ. ಈಜುವುದಕ್ಕೆಂದು ಬರುವವರನ್ನು ಕಂಡಿರಲಿಲ್ಲ. “ಪುಣೆಯಲ್ಲಿ ನೀರಿಲ್ಲವೇ?” ಎಂದು ಕೇಳಿದೆ. “ಮಾಸ್ಟರ್ಸ್ ಈಜು ಸ್ಪರ್ಧೆ ನಿಮ್ಮ ಊರಿನಲ್ಲಿ ನಡೆಯುತ್ತಿದೆ. ಒಂದು ಕೈ ನೋಡಿಯೇ ಬಿಡೋಣ ಎಂದು ಹೆಸರು ಕೊಟ್ಟಿದ್ದೇನೆ” ಎಂದ. ‘ನಿಮ್ಮ ಊರು’ ಎಂದದ್ದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಸ್ಪರ್ಧೆಯ ಹಿಂದಿನ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಮ್ಮ ಎಂದಿನ ಬೆಂಚಿನಲ್ಲಿ ಸೇರಿದೆವು. ನಾನು, ವಕೀಲ, ನಿವೃತ್ತರಾದ ಕನ್ನಡ ಮೇಷ್ಟ್ರು, ಮತ್ತು ಈ ಪುಣೆ. ಬಂದವನೇ ರಸ್ತೆಯನ್ನು ಬೈಯಲು ಶುರುಮಾಡಿದ. ಬೆಂಗಳೂರಿನಿಂದ 2023ರ ಹೊಸ ಹೆದ್ದಾರಿಯಲ್ಲಿ ಬಂದನಂತೆ. ರಾಮನಗರ, ಮದ್ದೂರು, ಮಂಡ್ಯ ಎಲ್ಲವೂ ಪಕ್ಕದಲ್ಲಿ ಉಳಿದುಬಿಟ್ಟವಂತೆ.

“ಹಿಂದೆ ಬಸ್ಸು ಮದ್ದೂರಿನಲ್ಲಿ ನಿಂತರೆ ವಡೆಯ ಬುಟ್ಟಿ ಕಿಟಕಿಗೇ ಬರುತ್ತಿತ್ತು. ಈಗ ವಡೆ ತಿನ್ನಬೇಕಾದರೆ ಹೆದ್ದಾರಿಯಿಂದ ಇಳಿಯಬೇಕು. ಇದು ಅಭಿವೃದ್ಧಿಯೇ?”

“ನಾಳೆ ಈಜುವವನು ಇವತ್ತು ವಡೆಗೆ ಅಳುತ್ತಿದ್ದಾನೆ. ಸರಿ, ನಿನ್ನ ವಯಸ್ಸಿನವರಿಗೂ ಸ್ಪರ್ಧೆ ಇಡುತ್ತಾರೆಯೇ?” ಎಂದ ವಕೀಲ.

“25 ತುಂಬಿದವರೆಲ್ಲ ಮಾಸ್ಟರ್ಸ್. ಅಲ್ಲಿಂದ ಐದೈದು ವರ್ಷಕ್ಕೆ ಒಂದು ಗುಂಪು. ನಾನು 60ರಿಂದ 64ರವರೆಗಿನ ಗುಂಪು.”

“ಸುಳ್ಳು! ನಿನಗೆ ಐವತ್ತೊಂಬತ್ತು. ನಿಮ್ಮ ತಾಯಿಯೇ ಹೇಳಿದ್ದರು, ನೀನು ನನಗಿಂತ ಮೂರು ವರ್ಷ ಚಿಕ್ಕವನು.”

ಇಲ್ಲಿ ಪುಣೆಯ ಮುಖ ಅರಳಿತು. ಅವನನ್ನು ಶಾಲೆಗೆ ಸೇರಿಸುವಾಗ ವಯಸ್ಸು ಸಾಲದೆ, ಹೆಡ್‌ಮಾಸ್ಟರು ಒಂದು ವರ್ಷ ಹಿಂದಕ್ಕೆ ಎಳೆದು ಜೂನ್ 1 ಎಂದು ಬರೆದುಕೊಂಡಿದ್ದರು. ನಮ್ಮ ಕಾಲದ ಅರ್ಧ ತರಗತಿ ಜೂನ್ 1ರಂದೇ ಹುಟ್ಟಿದ್ದು. ಆ ಒಂದು ವರ್ಷದಿಂದಾಗಿ ಪುಣೆ ಬ್ಯಾಂಕಿನಿಂದ ಒಂದು ವರ್ಷ ಮೊದಲೇ ನಿವೃತ್ತನಾದ. ಹೆಡ್‌ಮಾಸ್ಟರನ್ನು ಮನಸಾರೆ ಶಪಿಸಿದ್ದ. ಈಗ ಮಾತ್ರ ಅವರ ಫೋಟೊ ಸಿಕ್ಕರೆ ಹಾರ ಹಾಕುತ್ತಾನಂತೆ. ಏಕೆಂದರೆ ಈಜಿನಲ್ಲಿ ಡಿಸೆಂಬರ್ 31ಕ್ಕೆ ಎಷ್ಟು ತುಂಬುತ್ತದೆ ಎಂಬುದೇ ಲೆಕ್ಕ. 59 ಆಗಿದ್ದರೆ ಕೆಳಗಿನ ಗುಂಪಿನಲ್ಲಿ 55ರ ಹುಡುಗರ ಜೊತೆ ಈಜಬೇಕಿತ್ತು. ದಾಖಲೆಯ 60ರಿಂದಾಗಿ ಮೇಲಿನ ಗುಂಪಿಗೆ ಇವನೇ ಕಿರಿಯ.

“ಅಂದರೆ ಆ ಕೊಳದಲ್ಲಿ ವಯಸ್ಸು ಮುಚ್ಚಿಡುವವರು ಯಾರೂ ಇಲ್ಲ?”

“ಐದನೆಯ ವರ್ಷ ಬಂತೆಂದರೆ ಮೇಲಿನ ಗುಂಪಿಗೆ ದಾಟಲು ಕಾದು ಕುಳಿತಿರುತ್ತಾರೆ, ಮೇಷ್ಟ್ರೇ. ರಿಲೇ ಕೇಳಿ ಇನ್ನೂ ಚೆನ್ನಾಗಿದೆ. ನಾಲ್ವರ ವಯಸ್ಸನ್ನು ಕೂಡಿಸಿ ಗುಂಪು ಮಾಡುತ್ತಾರೆ. 200ರಿಂದ 239, 240ರಿಂದ 279, ಹೀಗೆ.”

ವಕೀಲ ಅಲ್ಲಿಯೇ ಬೆರಳು ಮಡಿಸಿ ಲೆಕ್ಕ ಹಾಕಿದ. ಅವನಿಗೆ 62, ನನಗೆ 61, ಮೇಷ್ಟ್ರಿಗೆ 68, ಪುಣೆಗೆ ದಾಖಲೆಯ 60. ಒಟ್ಟು 251. “ತಂಡ ಸಿದ್ಧವಾಯಿತು! ಈಜು ಬರುವವನು ಒಬ್ಬನೇ ಎಂಬುದು ಸಣ್ಣ ತೊಡಕು.”

“ನನ್ನನ್ನು ಮೊತ್ತಕ್ಕೆ ಮಾತ್ರ ಸೇರಿಸಿಕೊಳ್ಳಿ” ಎಂದರು ಮೇಷ್ಟ್ರು, ಕೆರೆಯ ಮೇಲೆ ತೇಲುತ್ತಿದ್ದ ಹೆಜ್ಜಾರ್ಲೆಯನ್ನೇ ನೋಡುತ್ತ. “ಹೆದರಬೇಡಿ, ಮಾಸ್ಟರ್ಸ್‌ನಲ್ಲಿ ಮೇಲಿನಿಂದ ಹಾರಲೇಬೇಕೆಂದಿಲ್ಲ, ನೀರಿನಲ್ಲಿ ನಿಂತೇ ಶುರು ಮಾಡಬಹುದು” ಎಂದು ಪುಣೆ ಧೈರ್ಯ ಹೇಳಿದ. “ಶುರು ಮಾಡಬಹುದಪ್ಪ, ಮುಗಿಸುವುದು?” ಎಂದರು ಅವರು.

ಆಗ ಪುಣೆ ಕೈಚೀಲದಿಂದ ಟೀ ಶರ್ಟ್ ತೆಗೆದ. ಬೆನ್ನ ಮೇಲೆ ದೊಡ್ಡದಾಗಿ ಮಹಾರಾಷ್ಟ್ರ ಎಂದು ಬರೆದಿತ್ತು. ಬೆಂಚಿನಲ್ಲಿ ಮೌನ ಕವಿಯಿತು.

“ಕಾವೇರಿ ನೀರು ಕುಡಿದು ಬೆಳೆದವನು” ಎಂದು ವಕೀಲ ನ್ಯಾಯಾಲಯದ ದನಿ ತೆಗೆದ. “ನಮ್ಮ ಊರಿಗೇ ಬಂದು, ನಮ್ಮ ಕೊಳದಲ್ಲೇ ಇಳಿದು, ನಮ್ಮವರ ವಿರುದ್ಧವೇ ಈಜುತ್ತೀಯಾ? ನಾಳೆ ಚಪ್ಪಾಳೆ ಯಾರಿಗೆ ತಟ್ಟಬೇಕು?”

“ಈಗ ವಾಸ ಎಲ್ಲಿದೆಯೋ ಆ ಕಡೆಯಿಂದ ಹೆಸರು ಕೊಟ್ಟೆ, ಅಷ್ಟೇ. ಈಜು ಮಾತ್ರ ಪಾಂಡವಪುರದ್ದು.”

ಪಾಂಡವಪುರದ ಹತ್ತಿರ ಅವನ ತಾತನ ಊರು. ಈ ಕಥೆಯನ್ನು ಅವನು ಎಷ್ಟು ಸಲ ಹೇಳಿದರೂ ನಾವು ತಡೆಯುವುದಿಲ್ಲ. ತೋಟದಲ್ಲಿ ಕಲ್ಲು ಕಟ್ಟಿದ ಬಾವಿ. ಬೇಸಿಗೆ ರಜೆಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, “ಹೂಂ” ಎನ್ನುವ ಮೊದಲೇ ನೀರಿಗೆ ದಬ್ಬುತ್ತಿದ್ದರಂತೆ. ತಾತ ಎರಡನೆಯ ಮೆಟ್ಟಿಲಿನ ಮೇಲೆ ಕುಳಿತು, ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಎಲೆ ಅಡಿಕೆ ಮೆಲ್ಲುತ್ತಿದ್ದರು. ಮೊಮ್ಮಗ ಮುಳುಗಿದರೆ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಎದುರು ಗೋಡೆಯಿಂದ ಒಂದು ಕಲ್ಲು ಚಾಚಿಕೊಂಡಿತ್ತು; ಅದನ್ನು ಬಲಗೈಯಲ್ಲಿ ಹಿಡಿದರೆ ಅವತ್ತಿನ ಪಾಠ ಮುಗಿಯಿತು. ಒಂದು ದಿನ ಕಲ್ಲು ಹಿಡಿದು ತಿರುಗಿ ನೋಡಿದರೆ ಹಗ್ಗ ಬಾಲದಂತೆ ನೀರಿನಲ್ಲಿ ತೇಲುತ್ತಿತ್ತು, ತಾತ ಮೆಟ್ಟಿಲ ಮೇಲೆ ಇರಲೇ ಇಲ್ಲ, ಎಮ್ಮೆ ಬಿಚ್ಚಲು ಹೋಗಿದ್ದರು.

ಈಜು ಕಪ್ಪೆ ಈಜು, ತಲೆ ಎತ್ತಿಕೊಂಡೇ. ಬಾವಿಯಲ್ಲಿ ತಲೆ ತಗ್ಗಿಸಿದರೆ ನೀರೊಳ್ಳೆ ಹಾವು ಎಲ್ಲಿದೆ ಎಂದು ಕಾಣುವುದು ಹೇಗೆ? ಅದೇ ಕಪ್ಪೆ ಈಜು ಸ್ಪರ್ಧೆಯಲ್ಲಿ ಬ್ರೆಸ್ಟ್ ಸ್ಟ್ರೋಕ್ ಆಗಿದೆ. ಪುಣೆಯ ತರಬೇತುದಾರ ಆರು ತಿಂಗಳು ಕುಳಿತು ಇವನ ತಲೆಯನ್ನು ನೀರಿನೊಳಕ್ಕೆ ಇಳಿಸಿದ್ದನಂತೆ.

“ಬಾವಿ ನೋಡಿಕೊಂಡು ಬಂದೆಯಾ?” ಎಂದು ನಾನು ಕೇಳಿದೆ.

“ಬೆಳಿಗ್ಗೆ ಹೋಗಿದ್ದೆ. ಮುಚ್ಚಿದ್ದಾರೆ. ಅದರ ಮೇಲೆ ಮೂರು ಬೈಕ್ ನಿಂತಿದ್ದವು.” ಸ್ವಲ್ಪ ಹೊತ್ತು ಬಿಟ್ಟು, “ಒಂದು ಬೈಕಿಗೆ ಸ್ಟ್ಯಾಂಡ್ ಸರಿಯಿರಲಿಲ್ಲ” ಎಂದು ಸೇರಿಸಿದ. ಏಕೆ ಸೇರಿಸಿದನೋ ಅವನಿಗೇ ಗೊತ್ತು.

ಮರುದಿನ ಕೊಳದ ಪಕ್ಕ ಬಿಸಿಲಿನಲ್ಲಿ ಕುಳಿತೆವು. ಮೂವತ್ತರ ಯುವಕನಿಂದ ಎಪ್ಪತ್ತು ದಾಟಿದ ಅಜ್ಜಿಯವರೆಗೆ ಎಲ್ಲರೂ ಒಂದೇ ಬಗೆಯ ರಬ್ಬರ್ ಟೋಪಿ ಹಾಕಿದ್ದರಿಂದ ಪುಣೆಯನ್ನು ಹೊಟ್ಟೆಯಿಂದ ಗುರುತಿಸಬೇಕಾಯಿತು. 50 ಮೀಟರ್ ಬ್ರೆಸ್ಟ್ ಸ್ಟ್ರೋಕ್. ಅವನ ಗುಂಪಿನಲ್ಲಿ ಮೂವರೇ ಇದ್ದರು. ದಡ ಮುಟ್ಟಿದರೆ ಕಂಚಿನ ಪದಕ ಕಟ್ಟಿಟ್ಟ ಬುತ್ತಿ.

ಸೀಟಿ ಆಯಿತು, ಹಾರಿದ. ಅರ್ಧ ದೂರ ತರಬೇತುದಾರನ ಶಿಷ್ಯನಂತೆಯೇ ತಲೆ ತಗ್ಗಿಸಿ ಈಜಿದ. ಆಮೇಲೆ ವಕೀಲ ರಾಜ್ಯಗಳ ಗಡಿ ಮರೆತು, “ಪಾಂಡವಪುರ! ಪಾಂಡವಪುರ!” ಎಂದು ಕಿರುಚಿದ. ಅಷ್ಟೇ, ತಲೆ ಮೇಲೆ ಬಂತು. ಕೊನೆಯ ಇಪ್ಪತ್ತು ಮೀಟರನ್ನು ಆ ಮನುಷ್ಯ ಬಾವಿಯಲ್ಲಿಯೇ ಈಜಿದ, ಎಡಕ್ಕೆ ಬಲಕ್ಕೆ ಹಾವು ಹುಡುಕುತ್ತ. ಗೋಡೆ ಹತ್ತಿರವಾಯಿತು. ಬಲಗೈ ಚಾಚಿ ಹಿಡಿದುಕೊಂಡು ನಮ್ಮ ಕಡೆಗೆ ನೋಡಿ ನಕ್ಕ.

ಅಲ್ಲಿದ್ದ ಅಧಿಕಾರಿಯೊಬ್ಬರು ಕೈ ಎತ್ತಿದರು. ಅಭಿನಂದಿಸುತ್ತಿದ್ದಾರೆ ಎಂದುಕೊಂಡು ನಾವೂ ಮೂವರು ಎದ್ದು ನಿಂತು ಕೈ ಬೀಸಿದೆವು. ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಗೋಡೆಯನ್ನು ಎರಡೂ ಕೈಗಳಿಂದ ಒಟ್ಟಿಗೆ ಮುಟ್ಟಬೇಕು, ಇಲ್ಲವಾದರೆ ಅನರ್ಹ ಎಂಬುದು ನಮಗೆ ತಿಳಿದದ್ದು ಆಮೇಲೆ. ಪುಣೆಗೆ ಅದು ಮೊದಲೇ ಗೊತ್ತಿತ್ತು. ಅವನ ಬಲಗೈಗೆ ಗೊತ್ತಿರಲಿಲ್ಲ.

ಹೋಟೆಲಿನಲ್ಲಿ ದೋಸೆ ಬರುವವರೆಗೆ ಯಾರೂ ಮಾತನಾಡಲಿಲ್ಲ. ಮೊದಲ ತುತ್ತು ಇಳಿದ ಮೇಲೆ ಮೇಷ್ಟ್ರು, “ಹುಟ್ಟುಗುಣ ಸುಟ್ಟರೂ ಹೋಗದು” ಎಂದರು.

“ಸುಟ್ಟರೇ ಹೋಗದ್ದು ನೆನೆಸಿದರೆ ಹೋಗುತ್ತದೆಯೇ?” ಎಂದ ವಕೀಲ. “ತಪ್ಪು ಇವನದೇ. ಒಂದು ಕೈ ನೋಡುತ್ತೇನೆ ಎಂದು ಬಂದ. ಅಲ್ಲಿ ಎರಡು ಕೇಳಿದರು.”

ಪುಣೆಗೆ ನಗು ಬಂದು ಚಟ್ನಿ ನೆತ್ತಿಗೇರಿತು. ಮೇಷ್ಟ್ರು ಅವನ ತಲೆ ತಟ್ಟಿ ನೀರು ಕುಡಿಸಿದರು.

“ಮೇಲ್ಮನವಿ ಹಾಕೋಣವೇ?” ವಕೀಲ ಕೇಳಿದ.

“ಏನೆಂದು?”

“ಎಡಗೈ ಮಹಾರಾಷ್ಟ್ರದ್ದು, ಅದು ಸಮಯಕ್ಕೆ ಬರಲಿಲ್ಲ. ಬಲಗೈ ಕರ್ನಾಟಕದ್ದು, ಅದು ಮುಟ್ಟಿದೆ. ಆದ್ದರಿಂದ ಕಂಚು ಕರ್ನಾಟಕಕ್ಕೆ ಸೇರಬೇಕು.”

ಅಷ್ಟರಲ್ಲಿ ಹುಡುಗ ಬಿಲ್ಲು ತಂದು ಪುಣೆಯ ಮುಂದೆ ಇಟ್ಟ. ಪುಣೆ ಕೈ ಒರೆಸಿಕೊಂಡು ನೆಟ್ಟಗೆ ಕುಳಿತ. ಎರಡೂ ಕೈಗಳನ್ನು ಒಟ್ಟಿಗೆ ಮುಂದೆ ಚಾಚಿ ಬಿಲ್ಲನ್ನು ಮುಟ್ಟಿ, ನಿಯಮದ ಪ್ರಕಾರವೇ, ವಕೀಲನ ಕಡೆಗೆ ತಳ್ಳಿದ.