ಮೊದಲು ಹಾರಿದ್ದು ರೈಟ್ ಸಹೋದರರೋ, ಸಾಂಟೋಸ್ ಡ್ಯುಮಾಂಟ್ ಅವರೋ?

ನೀಲಾಕಾಶ: 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿ ರೈಟ್ ಸಹೋದರರು ಹಾರಿದ್ದನ್ನು ಕಂಡವರು ಐದೇ ಜನ. ಬ್ರೆಜಿಲ್‌ನ ಸಾಂಟೋಸ್ ಡ್ಯುಮಾಂಟ್ 1906ರ ನವೆಂಬರ್ 12ರಂದು ಪ್ಯಾರಿಸ್ಸಿನಲ್ಲಿ, ನೆರೆದ ಜನರ ಎದುರೇ 220 ಮೀಟರ್ ಹಾರಿದರು. ಏರೋ ಕ್ಲಬ್ಬಿನವರು ನಿಂತು ಅಳತೆ ಮಾಡಿದರು. ಆ ವಿಮಾನಕ್ಕೆ ಚಕ್ರಗಳಿದ್ದವು, ಹಳಿಯೂ ಬೇಕಾಗಲಿಲ್ಲ, ಕವಣೆಯೂ ಬೇಕಾಗಲಿಲ್ಲ. ಮೊದಲಿಗರೆಂಬ ಗೌರವ ಅವರಿಗೇ ಸಲ್ಲಬೇಕು.

ಹಳೆ ಎಂಜಿನ್: 'ಕವಣೆ' ಎಂದಿರಲ್ಲ, ಅಲ್ಲಿಗೇ ನಿಮ್ಮ ವಾದ ಮುಗಿಯಿತು. ಗೋಪುರದಿಂದ ಭಾರ ಬೀಳಿಸಿ ವಿಮಾನವನ್ನು ಎಳೆಯುವ ಏರ್ಪಾಡನ್ನು ರೈಟ್ ಸಹೋದರರು ಮಾಡಿಕೊಂಡದ್ದು 1904ರ ಸೆಪ್ಟೆಂಬರ್‌ನಲ್ಲಿ, ಡೇಟನ್ ಬಳಿಯ ಹಫ್‌ಮನ್ ಹುಲ್ಲುಗಾವಲಿನಲ್ಲಿ. ಕಿಟಿ ಹಾಕ್‌ನಲ್ಲಿ ಇದ್ದದ್ದು ಸಮತಟ್ಟಾದ ಮರಳಿನ ಮೇಲೆ ಹಾಸಿದ 60 ಅಡಿಯ ಮರದ ಹಳಿ, ಅದರ ಮೇಲೆ ಸೈಕಲ್ ಹಬ್‌ಗಳ ಮೇಲೆ ಉರುಳುವ ಪುಟ್ಟ ಗಾಡಿ. ಎಳೆದದ್ದು ಎಂಜಿನ್ ಮಾತ್ರ.

ಮಂಜುಳಾ: 'ಎಂಜಿನ್ ಮಾತ್ರ' ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ! ಆ ದಿನ ಎದುರುಗಾಳಿ ಗಂಟೆಗೆ 20 ಮೈಲಿಗೂ ಹೆಚ್ಚಿತ್ತು. 12 ಅಶ್ವಶಕ್ತಿಯ ಎಂಜಿನ್ನಿಗೆ ಗಾಳಿಯ ಆಸರೆ ಇಲ್ಲದಿದ್ದರೆ ಏನಾಗುತ್ತಿತ್ತು? 2003ರ ಶತಮಾನೋತ್ಸವದಂದು ಅದೇ ಜಾಗದಲ್ಲಿ ಪ್ರತಿಕೃತಿ ಮೇಲೇಳಲೇ ಇಲ್ಲ.

ಹಳೆ ಎಂಜಿನ್: 'ಆಸರೆ'ಯೇ? ಎದುರುಗಾಳಿ ವಿಮಾನವನ್ನು ಹಿಂದಕ್ಕೆ ತಳ್ಳುತ್ತದೆ. ಆ ದಿನದ ಮೊದಲ ಹಾರಾಟ ನೆಲದ ಮೇಲೆ 120 ಅಡಿ, 12 ಸೆಕೆಂಡು. ಗಾಳಿಯ ಲೆಕ್ಕ ಹಿಡಿದರೆ ಅದೇ ಹಾರಾಟ 500 ಅಡಿ ದಾಟುತ್ತದೆ. ಅದೇ ದಿನದ ನಾಲ್ಕನೆಯ ಹಾರಾಟ 852 ಅಡಿ, 59 ಸೆಕೆಂಡು. ಅದನ್ನೇಕೆ ಬಿಟ್ಟಿರಿ?

ಕರಾವಳಿಗ: ನೀವಿಬ್ಬರೂ ಹಳಿ ಬಿಟ್ಟು ಕೆಳಗಿಳಿಯಿರಿ. 1948ರಲ್ಲಿ ರೈಟ್ ವಾರಸುದಾರರ ಕಡೆಯವರು ಅಮೆರಿಕದ ವಸ್ತುಸಂಗ್ರಹಾಲಯಗಳ ಸ್ಮಿತ್‌ಸೋನಿಯನ್ ಸಂಸ್ಥೆಗೆ 1903ರ ವಿಮಾನ ಕೊಡುವಾಗ ಹಾಕಿದ ಷರತ್ತು ಗೊತ್ತೇ? 1903ಕ್ಕಿಂತ ಮುಂಚಿನ ಬೇರೆ ಯಾವ ವಿಮಾನಕ್ಕೂ ಮನುಷ್ಯನನ್ನು ಹೊತ್ತು ಹಾರುವ ಶಕ್ತಿ ಇತ್ತೆಂದು ಆ ಸಂಸ್ಥೆ ಹೇಳುವಂತಿಲ್ಲ, ಹೇಳಿದರೆ ವಿಮಾನ ವಾಪಸ್. ಇಂಥ ಸಂಸ್ಥೆಯ ಮಾತನ್ನು ನಂಬುವುದು ಹೇಗೆ?

ಹಳೆ ಎಂಜಿನ್: 'ಮುಂಚಿನ' ಎಂದು ನೀವೇ ಬರೆದಿದ್ದೀರಿ. 1906ರ ವಿಮಾನಕ್ಕೆ ಆ ಷರತ್ತಿನಿಂದ ಏನು ಲಾಭ, ಏನು ನಷ್ಟ? ಆ ಷರತ್ತು ಹುಟ್ಟಿದ್ದೇ ಸ್ಮಿತ್‌ಸೋನಿಯನ್ ಮುಖ್ಯಸ್ಥರಾಗಿದ್ದ ಲ್ಯಾಂಗ್ಲಿಯ ಹಾರುವ ಯಂತ್ರದಿಂದ. 1914ರಲ್ಲಿ ವಿಮಾನ ತಯಾರಕ ಕರ್ಟಿಸ್ ಅದನ್ನು ಮಾರ್ಪಡಿಸಿ ಹಾರಿಸಿದರು, ಸ್ಮಿತ್‌ಸೋನಿಯನ್ ಮಾರ್ಪಾಟುಗಳನ್ನು ಮರೆಮಾಚಿ ಮೊದಲ ಪಟ್ಟವನ್ನು ಲ್ಯಾಂಗ್ಲಿಗೆ ಕಟ್ಟಿತು. ಮನನೊಂದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿಗೇ ಕಳುಹಿಸಿಬಿಟ್ಟರು. ಅಂಥ ಅನ್ಯಾಯ ಅನುಭವಿಸಿದವರ ಕಡೆಯವರು ಷರತ್ತು ಹಾಕದೆ ಇನ್ನೇನು ಮಾಡಬೇಕಿತ್ತು?

ಭೌತಶಾಸ್ತ್ರದ ಮೇಷ್ಟ್ರು: ನೆಲ ಬಿಟ್ಟದ್ದು ಹೇಗೆ ಎಂಬುದಕ್ಕಿಂತ ಗಾಳಿಯಲ್ಲಿ ಹಿಡಿತ ಸಿಕ್ಕಿತೇ ಎಂಬುದು ಮುಖ್ಯ. ರೆಕ್ಕೆಯ ತುದಿಗಳನ್ನು ತಿರುಚಿ, ಜೊತೆಗೆ ಹಿಂಬದಿಯ ಚುಕ್ಕಾಣಿ ತಿರುಗಿಸಿ ವಿಮಾನವನ್ನು ಹತೋಟಿಗೆ ತಂದುಕೊಂಡದ್ದು ರೈಟ್ ಸಹೋದರರು. 1905ರ ಅಕ್ಟೋಬರ್ 5ರಂದು ಅವರು ಸುತ್ತು ಹಾಕುತ್ತಲೇ 39 ನಿಮಿಷ, 24 ಮೈಲಿ ಹಾರಿದರು. ಅದರ ಮುಂದೆ 220 ಮೀಟರ್ ಎಷ್ಟರದು?

ಮಂಜುಳಾ: '1905' ಎಂದಿರಾ ಮೇಷ್ಟ್ರೇ? ಕವಣೆ 1904ರಲ್ಲೇ ಬಂದಿತ್ತೆಂದು ನಿಮ್ಮ ಕಡೆಯವರೇ ಮೇಲೆ ಬರೆದಿದ್ದಾರೆ. ನಿಮ್ಮ ದೊಡ್ಡ ಸಾಕ್ಷ್ಯವೇ ಕವಣೆಯಿಂದ ಹೊರಟದ್ದು.

ಹಳೆ ಎಂಜಿನ್: ಇದು ಹಟ, ವಾದವಲ್ಲ! ಕವಣೆ ಕೊಡುವುದು ಮೊದಲ ಕೆಲವು ಕ್ಷಣಗಳ ವೇಗ. ಆಮೇಲಿನ 39 ನಿಮಿಷ ಎತ್ತಿ ಹಿಡಿದದ್ದು ಏನು? ವಿಮಾನವಾಹಕ ನೌಕೆಗಳಿಂದ ಇಂದಿಗೂ ವಿಮಾನಗಳನ್ನು ಹಾಗೆಯೇ ಚಿಮ್ಮಿಸುತ್ತಾರೆ. ಅವು ಹಾರುತ್ತಿಲ್ಲವೇ?

ನೀಲಾಕಾಶ: 39 ನಿಮಿಷ ಕಂಡ ಪತ್ರಕರ್ತರು ಯಾರು?

ಕರಾವಳಿಗ: ನಾನು ನಿಮ್ಮ ಪರವೇ, ಆದರೂ ಪತ್ರಕರ್ತರ ಮಾತು ಎತ್ತಬೇಡಿ. 1904ರ ಸೆಪ್ಟೆಂಬರ್ 20ರಂದು ವಿಮಾನ ಪೂರ್ತಿ ಒಂದು ಸುತ್ತು ಬಂದದ್ದನ್ನು ಏಮಸ್ ರೂಟ್ ಕಣ್ಣಾರೆ ಕಂಡು, ಮರುವರ್ಷ ಜನವರಿಯಲ್ಲಿ ತಮ್ಮ ಜೇನುಸಾಕಣೆ ಪತ್ರಿಕೆಯಲ್ಲಿ ಬರೆದಿದ್ದರು.

ನೀಲಾಕಾಶ: ಜೇನುಸಾಕಣೆ ಪತ್ರಿಕೆ ಅಳತೆಪಟ್ಟಿ ಹಿಡಿದಿತ್ತೇ?

ಭೌತಶಾಸ್ತ್ರದ ಮೇಷ್ಟ್ರು: ಅಳತೆ ಬೇಕಿದ್ದರೆ ಫ್ರೆಂಚರನ್ನೇ ಕೇಳಿ. 1908ರ ಆಗಸ್ಟ್ 8ರಂದು ಫ್ರಾನ್ಸಿನ ಲೆ ಮಾನ್ ಬಳಿ ವಿಲ್ಬರ್ ರೈಟ್ ಹಾರಿ ತೋರಿಸಿದಾಗ ಅಲ್ಲಿನ ವಿಮಾನಿ ಲಿಯಾನ್ ಡೆಲಾಗ್ರಾಂಜ್ 'ನಾವು ಸೋತೆವು' ಎಂದು ಬಾಯಿಬಿಟ್ಟು ಹೇಳಿದರು.

ಮಂಜುಳಾ: ಲೆ ಮಾನ್ ಹೆಸರು ತೆಗೆದದ್ದು ಒಳ್ಳೆಯದೇ ಆಯಿತು. ಅಲ್ಲಿಯೂ ಗೋಪುರ, ಭಾರ, ಹಳಿ ಎಲ್ಲವೂ ಇದ್ದವು. ಡ್ಯುಮಾಂಟ್ ಚಕ್ರಗಳ ಮೇಲೆ ಹೊರಟು ಅಷ್ಟರಲ್ಲಿ ಎರಡು ವರ್ಷವಾಗುತ್ತಾ ಬಂದಿತ್ತು. ಮೇಷ್ಟ್ರೇ, ಇದಕ್ಕೆ ಉತ್ತರ ಕೊಡಿ.