ಅಪ್‌ಡೇಟ್: ಅಪ್ಪನ ಎದೆನೋವು, ಎರಡು ಸಲ ತೆಗೆದ ರಕ್ತ

ಹೋದ ತಿಂಗಳು ಕೇಳಿದ್ದೆನಲ್ಲ, ಶ್ರೀನಿವಾಸಪುರದ ನಮ್ಮ ಮಾವಿನ ತೋಪಲ್ಲಿ ಅಪ್ಪನಿಗೆ ಎದೆ ಹಿಡಿದಂಗಾಯ್ತು, ಕೋಲಾರದ ಆಸ್ಪತ್ರೇಲಿ ಇಸಿಜಿ, ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ನೋಡೋ ರಕ್ತಪರೀಕ್ಷೆ) ಎರಡೂ ನಾರ್ಮಲ್, ಆದರೂ ಮನೆಗೆ ಬಿಡ್ತಿಲ್ಲ, ಬಿಲ್ ಏರಿಸೋಕಾ ಅಂತ. ಅನುಮಾನ ಪಟ್ಟಿದ್ದು ನನ್ನದೇ ತಪ್ಪು.

ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೂ ರಕ್ತದಲ್ಲಿ ಟ್ರೋಪೋನಿನ್ ಏರೋಕೆ ಕೆಲವು ಗಂಟೆ ಬೇಕು. ನಾವು ನೋವು ಶುರುವಾದ ಮುಕ್ಕಾಲು ಗಂಟೆಗೇ ಅಲ್ಲಿದ್ವಿ. ಅದಕ್ಕೇ 3 ಗಂಟೆ ಬಿಟ್ಟು ಮತ್ತೆ ರಕ್ತ ತಗೊಂಡ್ರು. ಅದೂ ನಾರ್ಮಲ್! ನಾನು ಚಪ್ಪಲಿ ಮೆಟ್ಟಿ ರೆಡಿ. ಆಗ ಡಾಕ್ಟರಮ್ಮ ಕೇಸ್ ಶೀಟಿನ ಹಿಂದೆ ಪೆನ್ನಲ್ಲಿ ಲೆಕ್ಕ ಹಾಕಿದ್ರು. ಹಾರ್ಟ್ ಸ್ಕೋರ್ ಅಂತೆ, ಎದೆನೋವಿನವರಿಗೆ ಹೃದಯದ ಅಪಾಯ ಎಷ್ಟಿದೆ ಅಂತ ಅಂಕ ಹಾಕಿ ನೋಡೋದು; ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ವಯಸ್ಸು 67, ಅದಕ್ಕೆ 2. ಶುಗರ್, ಬಿಪಿ, ಬೀಡಿ ಮೂರೂ ಸೇರಿ 2. ನೋವಿನ ರೀತಿಗೆ 1. ಇಸಿಜಿ, ಟ್ರೋಪೋನಿನ್‌ಗೆ ಸೊನ್ನೆ. ಒಟ್ಟು 10ಕ್ಕೆ 5. “3ರೊಳಗೆ ಇದ್ದಿದ್ರೆ ಕಳಿಸ್ತಿದ್ದೆ” ಅಂದ್ರು. ಅಪ್ಪ ಮಾತ್ರ, “ಬೀಡಿಗೂ ಮಾರ್ಕ್ಸ್ ಕೊಡ್ತಾರಾ?”

ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿತ್ತು. ಟಿಎಂಟಿಯಲ್ಲಿ, ಅಂದ್ರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಪರೀಕ್ಷೇಲಿ, ತೊಂದರೆ ಸಿಕ್ಕಿಬಿತ್ತು, ಆಂಜಿಯೋಗ್ರಾಮ್‌ನಲ್ಲಿ ಒಂದು ಬ್ಲಾಕ್. ಸ್ಟೆಂಟ್ ಹಾಕಿದ್ದಾರೆ. ಈಗ ಜಗಲಿ ಮೇಲೆ ಕೂತು ಕೂಲಿಯವರಿಗೆ ಗದರ್ತಿದ್ದಾರೆ. ಬೀಡಿ ಕಟ್ಟನ್ನ ಅಮ್ಮ ನೀರೊಲೆಗೆ ಹಾಕಾಯ್ತು.