ಅಪ್‌ಡೇಟ್: ನಕ್ಷೆಯಲ್ಲಿ ಪಾರ್ಕ್ ಆಗಿದ್ದ ಅಪ್ಪನ ಜಾಗ

ಹೋದ ವರ್ಷ ಕೇಳಿದ್ದೆ: ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರಲ್ಲಿ (ಯಾವ ಜಾಗ ಯಾವುದಕ್ಕೆ ಅಂತ 2015ರವರೆಗೆ ಗುರುತಿಸಿದ ನಗರದ ಯೋಜನೆ) ಅಪ್ಪನ ಹದಿನಾಲ್ಕು ಗುಂಟೆಯನ್ನು ಪಾರ್ಕ್ ಅಂತ ಗುರುತಿಸಿದ್ದಾರೆ, ದುಡ್ಡೂ ಕೊಟ್ಟಿಲ್ಲ, ಮನೆ ಕಟ್ಟಲೂ ಬಿಡುತ್ತಿಲ್ಲ, ಏನು ಮಾಡೋದು? ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ವಕೀಲರು ಮೊದಲು ತೋರಿಸಿದ್ದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 69ನೇ ಸೆಕ್ಷನ್. ಪಾರ್ಕಿಗೆ ಗುರುತಿಸಿದ ಜಾಗವನ್ನು ಯೋಜನಾ ಪ್ರಾಧಿಕಾರ ಐದು ವರ್ಷದೊಳಗೆ ಮಾಲೀಕರ ಜೊತೆ ಮಾತಾಡಿ ಕೊಳ್ಳಬೇಕು, ಇಲ್ಲ ಭೂಸ್ವಾಧೀನ ಶುರು ಮಾಡಬೇಕು. ಎರಡೂ ಆಗದಿದ್ದರೆ ಆ ಗುರುತು ತಾನಾಗೇ ಬಿದ್ದುಹೋಗುತ್ತದೆ. ಆ ಮಾಸ್ಟರ್ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅಂದರೆ 2012ಕ್ಕೇ ಗಡುವು ಮುಗಿದಿತ್ತು! ಇಷ್ಟು ವರ್ಷ ಸುಮ್ನೆ ಅಲೆದೆವಲ್ಲ ಅನ್ನೋ ಸಂಕಟ ಇನ್ನೂ ಹೋಗಿಲ್ಲ.

ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದೆವು. ಗುರುತು ರದ್ದಾಗಿದೆ ಅಂತ ಆದೇಶ ಬಂದಿದೆ. ಇನ್ನು ಜಾಗ ಬೇಕೇ ಬೇಕು ಅಂತ ಸ್ವಾಧೀನಕ್ಕೆ ಬಂದರೆ 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪರಿಹಾರ ಕೊಡಬೇಕು. ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಬಲವಂತವಾಗಿ ಜಾಗ ತಗೊಂಡಿದ್ದಕ್ಕೆ ಕೊಡುವ ಹೆಚ್ಚುವರಿ ಹಣ, ಬೇರೆ.

ಆದೇಶದ ಪ್ರತಿಯನ್ನು ಅಪ್ಪ ಜಾಗದ ಹೊಂಗೆ ಮರದ ಕೆಳಗೆ ನಿಂತು ಎರಡು ಸಲ ಓದಿದರು. "ಪಾರ್ಕೇ ಆಗಲಿ, ಮಕ್ಕಳು ಆಡಲಿ. ಆದರೆ ನಮ್ಮನ್ನ ಕೇಳಿ ತಗೊಳ್ಳಲಿ, ಅಲ್ವಾ?" ಅಂದರು. ಮುಂದಿನ ವಾರ ಆದೇಶದ ಪ್ರತಿ ಲಗತ್ತಿಸಿ ಮನೆ ಪ್ಲಾನ್‌ಗೆ ಮತ್ತೆ ಅರ್ಜಿ ಹಾಕುತ್ತೇವೆ.